ಮನೆಯ ಕಂಪ್ಯೂಟರ್ ಮತ್ತು ವಿಂಡೋಸ್: ಫಾರ್ಮ್ಯಾಟ್ ಹೊಡೆಸುವ ಮುಂಚೆ ಓದಿಕೊಳ್ಳಬೇಕಾದ ಪ್ರಶ್ನೋತ್ತರಗಳು

ಮನೆಯ ಕಂಪ್ಯೂಟರ್ ಸ್ವಲ್ಪ ತೊಂದರೆ ಕೊಟ್ಟರೆ ಸಾಕು, ನಮ್ಮಲ್ಲಿ ಮೊದಲು ಸಿಗುವ ಸಲಹೆ "ಫಾರ್ಮ್ಯಾಟ್ ಹೊಡೆಸಿಬಿಡಿ" ಎಂಬುದು, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ವಿಂಡೋಸನ್ನು ಮತ್ತೆ ಯಾವಾಗ ಬೇಕಾದರೂ ಹಾಕಿಕೊಳ್ಳಬಹುದು. ಮಗಳ ನಾಮಕರಣದ ಫೋಟೋ, ಅಪ್ಪ ಟೈಪ್ ಮಾಡಿಟ್ಟ ಲೆಕ್ಕಪತ್ರ ಒಮ್ಮೆ ಹೋದರೆ ಮರಳಿ ಬರುವುದು ಕಷ್ಟ. ಅದಕ್ಕೇ ಇಲ್ಲಿನ ಉತ್ತರಗಳೆಲ್ಲ ಫೈಲುಗಳನ್ನು ಕಳೆದುಕೊಳ್ಳದೆ ತೊಂದರೆ ಬಗೆಹರಿಸಿಕೊಳ್ಳುವ ದಾರಿಯನ್ನೇ ಮೊದಲು ಹೇಳುತ್ತವೆ. ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ನಿಮ್ಮ ಆವೃತ್ತಿಯಲ್ಲಿ ಮೆನುವಿನ ಹೆಸರು ಅಲ್ಪಸ್ವಲ್ಪ ಬೇರೆ ಇರಬಹುದು.

ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ. ಆನ್ ಮಾಡಿ ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕು. ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತಾ?

ಕೆಲವು ವಾರ ಚುರುಕಾಗಿರುತ್ತದೆ. ನೀವು ಬಳಸುವ ಪ್ರೋಗ್ರಾಮ್‌ಗಳನ್ನೆಲ್ಲ ಮತ್ತೆ ಹಾಕಿಕೊಂಡ ಮೇಲೆ ಹಳೆಯ ಸ್ಥಿತಿಗೇ ಬರುತ್ತದೆ, ಏಕೆಂದರೆ ಕಾರಣ ಹಾಗೆಯೇ ಉಳಿದಿರುತ್ತದೆ. ಮೊದಲು ಕಾರಣ ಹುಡುಕಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ಭಾಗಕ್ಕೆ ಹೋಗಿ. ಕಂಪ್ಯೂಟರ್ ಆನ್ ಆದ ಕೂಡಲೇ ನೀವು ಕರೆಯದೆಯೇ ಎದ್ದು ಕೂರುವ ಪ್ರೋಗ್ರಾಮ್‌ಗಳ ಪಟ್ಟಿ ಅದು. ವಿಡಿಯೋ ಮೀಟಿಂಗ್, ಚಾಟ್, ಆಟಗಳ ಲಾಂಚರ್, ಎಂದೋ ಮಾರಿಬಿಟ್ಟ ಪ್ರಿಂಟರ್‌ನ ಅಪ್‌ಡೇಟರ್, ಇಂಥವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಪ್ರೋಗ್ರಾಮ್ ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು. ಸೌಂಡ್, ಟಚ್‌ಪ್ಯಾಡ್, ವಿಂಡೋಸ್ ಸೆಕ್ಯುರಿಟಿ ಇವನ್ನು ಮುಟ್ಟಬೇಡಿ. ಯಾವುದೆಂದು ಗೊತ್ತಾಗದ ಹೆಸರನ್ನೂ ಹಾಗೆಯೇ ಬಿಡಿ.

ಇದಾದ ಮೇಲೂ ಸ್ಲೋ ಇದ್ದರೆ ಅದೇ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಭಾಗ ನೋಡಿ. ಡಿಸ್ಕ್ ಎಂಬಲ್ಲಿ ಸದಾ 100% ತೋರಿಸುತ್ತಾ, ಪಕ್ಕದಲ್ಲಿ ಎಚ್‌ಡಿಡಿ ಎಂದಿದ್ದರೆ ಕಾರಣ ಬಹುತೇಕ ಸಿಕ್ಕಿದಂತೆ. ಒಳಗೆ ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇಂದಿನ ವಿಂಡೋಸ್‌ಗೆ ಸಾಲುವುದಿಲ್ಲ. ಅದನ್ನು ತೆಗೆಸಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್ ಹಾಕಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾದಾ ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ಅದಕ್ಕಿಂತ ಮುಖ್ಯ, ಚದುರಿದ ಸಣ್ಣಸಣ್ಣ ಫೈಲುಗಳನ್ನು ಹುಡುಕಿ ತೆಗೆಯುವುದರಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಹಳೆಯ ಕಂಪ್ಯೂಟರ್ ಮೇಲೆ ಹಣ ಹಾಕುವುದಿದ್ದರೆ ಮೊದಲು ಇದಕ್ಕೇ ಹಾಕಿ. ಮೆಮೊರಿ ಎಂಬಲ್ಲಿ ಯಾವಾಗಲೂ ಶೇ. 90ರ ಮೇಲಿದ್ದು ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ 8 ಜಿಬಿ ಮಾಡಿಸಿಕೊಳ್ಳುವುದು ಎರಡನೆಯ ಕೆಲಸ.

ರಾತ್ರಿ ಶಟ್ ಡೌನ್ ಮಾಡಿದ್ದೆ. ಬೆಳಿಗ್ಗೆ ಆನ್ ಮಾಡಿದರೂ ಅದೇ ತೊಂದರೆ. ಆದರೂ "ರೀಸ್ಟಾರ್ಟ್ ಮಾಡಿ" ಅಂತಾರಲ್ಲ, ಎರಡೂ ಒಂದೇ ಅಲ್ಲವಾ?

ಅಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಇದು ಆನ್ ಇದ್ದರೆ ಶಟ್ ಡೌನ್ ಮಾಡುವಾಗ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಶುರುಮಾಡುತ್ತದೆ. ಹಾಗಾಗಿ ಹಿಂದಿನ ದಿನದ ಗೊಂದಲವೂ ಜೊತೆಗೇ ಬರಬಹುದು. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ವೈಫೈ ಕಾಣಿಸುತ್ತಿಲ್ಲ, ಸೌಂಡ್ ಬರುತ್ತಿಲ್ಲ, ಬ್ಲೂಟೂತ್ ಸೇರುತ್ತಿಲ್ಲ ಎಂಬಂಥ ತೊಂದರೆಗಳಿಗೆ ಮೊದಲು ರೀಸ್ಟಾರ್ಟ್ ಮಾಡಿ ನೋಡಿ.

ಸಿ ಡ್ರೈವ್ ಕೆಂಪಾಗಿದೆ. ಏನನ್ನು ಅಳಿಸಬಹುದು?

ಸಿ ಡ್ರೈವ್ ಎಂದರೆ ಡಿಸ್ಕ್‌ನಲ್ಲಿ ವಿಂಡೋಸ್ ಇರುವ ಭಾಗ, ಕೆಂಪಾಗಿದ್ದರೆ ಜಾಗ ತುಂಬುತ್ತಿದೆ ಎಂದರ್ಥ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಹೋಗಿ ಟೆಂಪರರಿ ಫೈಲ್ಸ್ ತೆರೆಯಿರಿ. ಅಲ್ಲಿ ಟಿಕ್ ಮಾಡಿ ರಿಮೂವ್ ಕೊಟ್ಟರೆ ಕೆಲವು ಸಲ ಹತ್ತಾರು ಜಿಬಿ ಜಾಗ ಸಿಗುತ್ತದೆ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಹೆಸರೂ ಇರುತ್ತದೆ. ಅದಕ್ಕೆ ಟಿಕ್ ಇದ್ದರೆ ನೀವು ಇಳಿಸಿಕೊಂಡ ಅಂಕಪಟ್ಟಿ, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಹೋಗುತ್ತವೆ. ರಿಮೂವ್ ಒತ್ತುವ ಮುಂಚೆ ಆ ಒಂದು ಟಿಕ್ ಕಡೆ ಕಣ್ಣಿಡಿ. ಹಿಂದಿನ ವಿಂಡೋಸ್ ಇನ್‌ಸ್ಟಲೇಷನ್ ಎಂದು ಕಾಣುವುದು ದೊಡ್ಡ ಅಪ್‌ಗ್ರೇಡ್ ಆದಾಗ ಉಳಿದ ಹಳೆಯ ಪ್ರತಿ. ಹೊಸದು ಸರಿಯಾಗಿ ಓಡುತ್ತಿದ್ದರೆ ಅಳಿಸಬಹುದು, ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಹತ್ತು ದಿನಕ್ಕೆ ತಾನೇ ಹೋಗುತ್ತದೆ.

ವಿಂಡೋಸ್ ಮತ್ತು ಪ್ರೋಗ್ರಾಮ್ ಫೈಲ್ಸ್ ಎಂಬ ಫೋಲ್ಡರ್‌ಗಳ ಒಳಗೆ ಹೋಗಿ ಕೈಯಾರೆ ಏನನ್ನೂ ಅಳಿಸಬೇಡಿ. ಜಾಗ ತಿನ್ನುತ್ತಿರುವುದು ಫೋಟೋ, ವಿಡಿಯೋ ಆಗಿದ್ದರೆ ಪಿಕ್ಚರ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್ ಎಂದು ಕೊಟ್ಟು ಡಿ ಡ್ರೈವ್‌ನ ಒಂದು ಹೊಸ ಫೋಲ್ಡರ್ ತೋರಿಸಿ. ಮುಂದೆ ಬರುವ ಫೋಟೋಗಳೂ ಅಲ್ಲಿಗೇ ಹೋಗುತ್ತವೆ.

ಫಾರ್ಮ್ಯಾಟ್ ಮಾಡಲೇಬೇಕು ಎಂದಿದ್ದಾರೆ. "ಡಿ ಡ್ರೈವ್‌ನಲ್ಲಿರೋದು ಏನೂ ಹೋಗಲ್ಲ" ಅಂದರು. ನಂಬಬಹುದಾ?

ಮಾತು ನಿಜ, ಆದರೆ ಅರ್ಧ. ಸಿ ಡ್ರೈವ್ ಮಾತ್ರ ಅಳಿಸಿದರೆ ಡಿ ಡ್ರೈವ್ ಉಳಿಯುತ್ತದೆ. ಆದರೆ ನಿಮ್ಮ ಫೈಲುಗಳು ನಿಜಕ್ಕೂ ಡಿ ಡ್ರೈವ್‌ನಲ್ಲಿವೆಯೇ? ಡೆಸ್ಕ್‌ಟಾಪ್ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದೆಲ್ಲ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕೂಡ ಅಲ್ಲೇ. ಹಲವು ಮನೆಗಳಲ್ಲಿ ಫೈಲುಗಳು ಹೋಗುವುದು ಹೀಗೆಯೇ: ಎದುರಿಗೇ ಇದ್ದದ್ದರಿಂದ ಅವು ಎಲ್ಲಿವೆ ಎಂದು ಯಾರೂ ಕೇಳಿಕೊಂಡಿರುವುದಿಲ್ಲ.

ಕಂಪ್ಯೂಟರ್ ಕೊಡುವ ಮುಂಚೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಇವನ್ನು ನೀವೇ ಕಾಪಿ ಮಾಡಿಕೊಳ್ಳಿ: ಮೇಲೆ ಹೇಳಿದ ನಾಲ್ಕು ಫೋಲ್ಡರ್‌ಗಳು, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬಳಸುತ್ತಿದ್ದರೆ ಅದರ ಡೇಟಾ ಫೋಲ್ಡರ್, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಉಳಿಸಿಟ್ಟ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನಲ್ಲಿ ಕಂಪ್ಯೂಟರ್‌ಗೆ ಇಳಿಸಿಕೊಂಡ ಮೇಲ್‌ಗಳು. ಕಾಪಿ ಆದ ಮೇಲೆ ನಾಲ್ಕಾರು ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ನಿಂದಲೇ ತೆರೆದು ನೋಡಿ. ಡೆಸ್ಕ್‌ಟಾಪ್ ಮೇಲಿದ್ದದ್ದು ಬರೀ ಶಾರ್ಟ್‌ಕಟ್ ಆಗಿದ್ದರೆ ಕಾಪಿ ಆಗುವುದೂ ಶಾರ್ಟ್‌ಕಟ್ ಮಾತ್ರ.

ಇನ್ನೊಂದು ಮಾತು. ಎಷ್ಟೋ ಸಲ ಫಾರ್ಮ್ಯಾಟ್ ಬೇಕಾಗುವುದೇ ಇಲ್ಲ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ದಿಸ್ ಪಿಸಿ ಇದೆ, ಅದರಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೆ ವಿಂಡೋಸ್ ಹೊಸದಾಗುತ್ತದೆ, ನಿಮ್ಮ ಫೈಲುಗಳು ಉಳಿಯುತ್ತವೆ, ಪ್ರೋಗ್ರಾಮ್‌ಗಳನ್ನು ಮಾತ್ರ ಮತ್ತೆ ಹಾಕಿಕೊಳ್ಳಬೇಕು. ಅದಕ್ಕೂ ಮುಂಚೆ ಬ್ಯಾಕಪ್ ತೆಗೆಯುವುದನ್ನು ಬಿಡಬೇಡಿ.

ಅಸಲಿ ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪ್ ಆದರೆ ಲೈಸೆನ್ಸ್ ಅದೇ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಅದೇ ಎಡಿಷನ್ ಮತ್ತೆ ಹಾಕಿ ಇಂಟರ್ನೆಟ್‌ಗೆ ಸೇರಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸಲು ಬಳಸುವ "ಆಕ್ಟಿವೇಟರ್" ಎಂಬ ಹೆಸರಿನ ಯಾವ ಫೈಲನ್ನೂ ಓಡಿಸಲು ಬಿಡಬೇಡಿ. ಅದು ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ, ಮನೆಯ ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ ಅದು.

ಆನ್ ಮಾಡಿದರೆ ನೀಲಿ ಪರದೆಯಲ್ಲಿ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. ನಾನು ಯಾವ ಲಾಕೂ ಹಾಕಿಲ್ಲವಲ್ಲ?

ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಸೈನ್ ಇನ್ ಆದಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬದಲಾಗುತ್ತದೆ. ಈ ವ್ಯವಸ್ಥೆಯ ಹೆಸರೇ ಬಿಟ್‌ಲಾಕರ್. ಲ್ಯಾಪ್‌ಟಾಪ್ ಕಳುವಾದರೆ ಕದ್ದವರಿಗೆ ಒಳಗಿನ ಫೈಲು ಸಿಗಬಾರದು ಎಂಬುದು ಉದ್ದೇಶ. ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ ಯಂತ್ರದ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಿಸಿದಾಗ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ ವಿಂಡೋಸ್ ಅನುಮಾನಪಟ್ಟು ಕೀ ಕೇಳುತ್ತದೆ.

ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿರುತ್ತದೆ. ಫೋನಿನ ಬ್ರೌಸರ್‌ನಲ್ಲಿ ಆ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪ್ ಆರಿಸಿ ನೋಡಿ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಅಕ್ಷರಗಳು ಅಲ್ಲಿರುವುದಕ್ಕೆ ತಾಳೆಯಾಗಬೇಕು. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಸೆಟಪ್ ಮಾಡಿಸುವಾಗ ಅವರದೇ ಮೇಲ್ ಐಡಿ ಹಾಕಿಸಿದ್ದರೆ ಕೀ ಅವರ ಖಾತೆಯಲ್ಲಿ ಕೂತಿರುತ್ತದೆ. ಆದ್ದರಿಂದ ಸೆಟಪ್ ಮಾಡುವಾಗ ನಿಮ್ಮದೇ ಖಾತೆ ಹಾಕಿ, ಅದರ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ.

ಕೀ ಎಲ್ಲೂ ಸಿಗದಿದ್ದರೆ ಫೈಲುಗಳನ್ನು ತೆಗೆಯಲು ದಾರಿಯಿಲ್ಲ. ತೆಗೆದುಕೊಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ. ಈಗಿನ್ನೂ ಲ್ಯಾಪ್‌ಟಾಪ್ ಸರಿಯಿದೆ ಎನ್ನುವವರು ಇವತ್ತೇ ಸರ್ಚ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹುಡುಕಿ, ಆನ್ ಇದ್ದರೆ ಕೀಯನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ.

ವಿಂಡೋಸ್ 10 ನಿಂತುಹೋಯಿತು ಅಂತಾರೆ. ನನ್ನ ಕಂಪ್ಯೂಟರ್ ಎಸೆಯಬೇಕಾ?

ಬೇಡ. ನಿಂತಿದ್ದು ಉಚಿತ ಸುರಕ್ಷತಾ ಅಪ್‌ಡೇಟ್‌ಗಳು, 2025ರ ಅಕ್ಟೋಬರ್ 14ರಂದು. ಕಂಪ್ಯೂಟರ್ ಎಂದಿನಂತೆ ಓಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದಿಲ್ಲ, ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಒಳ್ಳೆಯದಲ್ಲ.

ಮುಂದಿನ ದಾರಿ ಮೂರು. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ಆ್ಯಪ್ ಓಡಿಸಿ ನೋಡಿ, ವಿಂಡೋಸ್ 11ಕ್ಕೆ ಹೋಗಬಹುದು ಎಂದರೆ ಹೋಗಿ, ಅದು ಉಚಿತ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಬಹುಪಾಲು 8ನೇ ತಲೆಮಾರು ಅಥವಾ ಈಚಿನದಿರಬೇಕು. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿಸಿ ಮತ್ತೆ ಪರೀಕ್ಷಿಸಿ. ಆಗದಿದ್ದರೆ ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ಸೇರಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಎಂದಿರುತ್ತದೆ, ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಹಣವಿಲ್ಲದೆ ಸೇರಬಹುದು. ಅದು 2026ರ ಅಕ್ಟೋಬರ್ 13ರವರೆಗೆ.

ಮೂರನೆಯದು ಲಿನಕ್ಸ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಬ್ರೌಸರ್, ಮೇಲ್, ಟೈಪಿಂಗ್, ಸಿನಿಮಾ ಇಷ್ಟೇ ಕೆಲಸವಿರುವ ಮನೆಗೆ ನಾನು ಲಿನಕ್ಸ್ ಮಿಂಟ್ ಅನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರದಲ್ಲೂ ಓಡುತ್ತದೆ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಪ್ರಿಂಟರ್, ಸೌಂಡ್ ನೋಡಿಕೊಂಡು ಆಮೇಲೆ ಹಾಕಿಕೊಳ್ಳಬಹುದು. ಕನ್ನಡ ತಂತ್ರಾಂಶ ನುಡಿಯ ಕೀಲಿಮಣೆ ಅಭ್ಯಾಸ ಇರುವವರು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನೇ ಹೋಲುವ ಕನ್ನಡ ಕಗಪ ವಿನ್ಯಾಸ ಸೇರಿಸಿಕೊಳ್ಳಬಹುದು. ಟ್ಯಾಲಿ, ಡಿಜಿಟಲ್ ಸಹಿ ಟೋಕನ್ ಬಳಸುವವರು ಮಾತ್ರ ವಿಂಡೋಸ್‌ನಲ್ಲೇ ಇರುವುದು ಮೇಲು.

ಬೇರೆ ಸಾಫ್ಟ್‌ವೇರ್ ಹಾಕದೆ ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡಬಹುದಾ?

ಮಾಡಬಹುದು. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಎಂದು ಹೋಗಿ ಕನ್ನಡ ಸೇರಿಸಿ. ಆಮೇಲೆ ಕನ್ನಡದ ಪಕ್ಕದ ಚುಕ್ಕಿಗಳನ್ನು ಒತ್ತಿ, ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ ಸೇರಿಸಿ. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಈ ಕೀಲಿಮಣೆ 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಇದೆ. ಸೇರಿಸಿದ ಕೂಡಲೇ ಮೊದಲು ಬರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಅದನ್ನು ಕಂಡು "ಕೀಲಿಗಳೆಲ್ಲ ಅದಲುಬದಲಾಗಿವೆ" ಎಂದು ಕೈಬಿಡುವವರು ಬಹಳ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಬದಲಾಗುತ್ತವೆ.

ಹಳೆಯ ನುಡಿ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಫೈಲು ಹಾಳಾಯಿತಾ?

ಹಾಳಾಗಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಚಿಹ್ನೆಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರ್‌ನಲ್ಲಿ ಒಳಗಿನ ಸಂಕೇತ ಹೊರಗೆ ಕಾಣುತ್ತದೆ. ಜಗತ್ತಿನ ಭಾಷೆಗಳಿಗೆಲ್ಲ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಜಾಗ ಮೀಸಲಿದೆ, ಆದ್ದರಿಂದ ಯಾವ ಊರಿನ ಯಾವ ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಸದ್ಯಕ್ಕೆ ಓದಲು ಬೇಕಿದ್ದರೆ ಅದೇ ಫಾಂಟು ಹಾಕಿಕೊಳ್ಳಿ. ಶಾಶ್ವತವಾಗಿ ಉಳಿಯಬೇಕಾದರೆ ಆಸ್ಕಿಯಿಂದ (ಹಳೆಯ ಫಾಂಟಿನ ಆ ಸಂಕೇತಗಳಿಂದ) ಯೂನಿಕೋಡ್‌ಗೆ ಪರಿವರ್ತಿಸಿ. ಮೂಲ ಫೈಲನ್ನು ಹಾಗೆಯೇ ಇಟ್ಟು ಪ್ರತಿಯನ್ನು ಪರಿವರ್ತಿಸಬೇಕು. ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ತಪ್ಪದೆ ನೋಡಿ. ಹಳೆಯ ಫಾಂಟಿನಲ್ಲಿ "ಕರ್ನಾಟಕ" ಎನ್ನುವಾಗ ಅರ್ಕಾವತ್ತಿನ ಗುರುತು "ನಾ" ಆದ ಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲು ಮಾಡುವಾಗ ಎಡವಿದರೆ "ಧರ್ಮ", "ವರ್ಷ", "ಸೂರ್ಯ" ಇಂಥ ಪದಗಳು ಕೆಡುತ್ತವೆ. ಇಂಗ್ಲಿಷ್ ಬೆರೆತ ಸಾಲುಗಳನ್ನೂ, ಅಂಕಿಗಳನ್ನೂ ಓದಿ ನೋಡಿ. ಸಂಘದ ನಡಾವಳಿ, ಅಜ್ಜನ ಆತ್ಮಕಥೆ, ಊರಿನ ಇತಿಹಾಸ ಎಂದು ಎಷ್ಟೋ ಬರಹಗಳು ಈಗಲೂ ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡಿವೆ. ಟೈಪ್ ಮಾಡಿದವರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ, ಅನುಮಾನ ಬಂದ ಪದ ಕೇಳಲು ಅವರಿರುತ್ತಾರೆ.

ವಿಂಡೋಸ್‌ನ ಮೆನುಗಳೇ ಕನ್ನಡದಲ್ಲಿ ಬರುವಂತೆ ಮಾಡಬಹುದಾ?

ಹೌದು, ಕನ್ನಡ ಲ್ಯಾಂಗ್ವೇಜ್ ಪ್ಯಾಕ್ ಇದೆ. ಕನ್ನಡ ಸೇರಿಸುವಾಗಲೇ ಡಿಸ್‌ಪ್ಲೇ ಲ್ಯಾಂಗ್ವೇಜ್ ಆಗಿ ಆರಿಸಿ, ಸೈನ್ ಔಟ್ ಮಾಡಿ ಬನ್ನಿ. ಎಲ್ಲವೂ ಕನ್ನಡವಾಗುವುದಿಲ್ಲ, ಕೆಲವು ಕಡೆ ಇಂಗ್ಲಿಷ್ ಉಳಿಯುತ್ತದೆ. ನಿಮ್ಮದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಡಿಷನ್ ಆಗಿದ್ದರೆ ಮೆನು ಭಾಷೆ ಬದಲಿಸಲಾಗದು. ಟೈಪಿಂಗ್‌ಗೆ ಅಡ್ಡಿಯಿಲ್ಲ.

ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಫಾರ್ಮ್ಯಾಟ್ ಮಾಡಲಾ?

ಮಾಡಬೇಡಿ, ಆ ಶಾರ್ಟ್‌ಕಟ್‌ಗಳನ್ನು ತೆರೆಯಲೂ ಬೇಡಿ. ತೆರೆದರೆ ವೈರಸ್ ನಿಮ್ಮ ಕಂಪ್ಯೂಟರ್‌ಗೂ ಹತ್ತುತ್ತದೆ. ಸಾಮಾನ್ಯವಾಗಿ ನಿಜವಾದ ಫೈಲುಗಳು ಪೆನ್‌ಡ್ರೈವ್‌ನಲ್ಲೇ ಇರುತ್ತವೆ, ವೈರಸ್ ಅವನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಟ್ಟಿರುತ್ತದೆ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸ್ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನ ವ್ಯೂ ಭಾಗದಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸು ಎಂಬುದನ್ನು ಆರಿಸಿ, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಎಂಬ ಟಿಕ್ ತೆಗೆಯಿರಿ. ಈ ಎರಡನೆಯದನ್ನು ಬಿಟ್ಟರೆ ಫೈಲುಗಳು ಕಾಣುವುದಿಲ್ಲ. ಕೆಲವು ಸಲ ಹೆಸರೇ ಇಲ್ಲದ ಫೋಲ್ಡರ್ ಒಂದು ಕಾಣುತ್ತದೆ, ಎಲ್ಲವೂ ಅದರೊಳಗಿರುತ್ತದೆ. ನಿಮ್ಮ ಡಾಕ್ಯುಮೆಂಟ್, ಫೋಟೋಗಳನ್ನಷ್ಟೇ ಕಾಪಿ ಮಾಡಿಕೊಂಡು ಈಗ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಟಿಕ್ ಮತ್ತೆ ಹಾಕಿ.

"ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ" ಎಂದು ಪರದೆ ತುಂಬ ಬಂದು ಸೈರನ್ ಕೂಗುತ್ತಿದೆ.

ಅದು ಬರೀ ವೆಬ್ ಪುಟ. ಕರೆ ಮಾಡಬೇಡಿ. ಎಸ್ಕೇಪ್ ಕೀಯನ್ನು ಒತ್ತಿಹಿಡಿಯಿರಿ, ಪುಟ ಚಿಕ್ಕದಾದರೆ ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್‌ಗೆ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ರೀಸ್ಟೋರ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಈಗಾಗಲೇ ಕರೆ ಮಾಡಿ, ಅವರು ಹೇಳಿದ ರಿಮೋಟ್ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಕೇಬಲ್ ಕೀಳಿ ಅಥವಾ ವೈಫೈ ಆಫ್ ಮಾಡಿ, ಆ ಆ್ಯಪ್ ತೆಗೆಯಿರಿ. ಬೇರೆ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಂಕ್‌ಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯ ಹಿರಿಯರು ಹೀಗೆ ಸಿಕ್ಕಿಬಿದ್ದಿದ್ದರೆ ಗದರಬೇಡಿ, ಗದರಿದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕಾ?

ಅಪ್‌ಡೇಟ್ ಆಗುತ್ತಿರುವ ವಿಂಡೋಸ್‌ನಲ್ಲಿ ಅದರದೇ ಡಿಫೆಂಡರ್ ಮನೆಯ ಬಳಕೆಗೆ ಸಾಕು. ಎರಡು ಆಂಟಿವೈರಸ್ ಹಾಕಿಕೊಂಡರೆ ಯಂತ್ರ ಇನ್ನಷ್ಟು ಸ್ಲೋ ಆಗುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ದಿನದ ಡೇಟಾ ಎಲ್ಲ ಅಪ್‌ಡೇಟ್ ನುಂಗುತ್ತದೆ.

ಹಾಟ್‌ಸ್ಪಾಟ್‌ಗೆ ಸೇರಿಕೊಂಡ ಮೇಲೆ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಬಹಳಷ್ಟು ಅಪ್‌ಡೇಟ್‌ಗಳು ಅಲ್ಲಿಗೆ ನಿಲ್ಲುತ್ತವೆ. ಅಪ್‌ಡೇಟನ್ನೇ ಪೂರ್ತಿ ಆಫ್ ಮಾಡಿಸಬೇಡಿ. ಪರೀಕ್ಷೆ, ಆನ್‌ಲೈನ್ ಸಂದರ್ಶನ ಇರುವ ವಾರ ಅಪ್‌ಡೇಟನ್ನು ತಾತ್ಕಾಲಿಕವಾಗಿ ತಡೆಯುವ ಪಾಜ್ ಅಪ್‌ಡೇಟ್ಸ್ ಕೊಟ್ಟರೆ ಸಾಕು.

ಪದೇ ಪದೇ ಕರೆಂಟ್ ಹೋಗುತ್ತದೆ. ಇದರಿಂದ ವಿಂಡೋಸ್ ಕೆಡುತ್ತಾ?

ಕೆಡಬಹುದು. ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಫೈಲು ಅರ್ಧಕ್ಕೆ ನಿಲ್ಲುತ್ತದೆ, ಅಪ್‌ಡೇಟ್ ನಡುವೆ ಹೋದರೆ ವಿಂಡೋಸ್ ಏಳದೆಯೂ ಇರಬಹುದು. ಡೆಸ್ಕ್‌ಟಾಪ್‌ಗೆ ಒಂದು ಯುಪಿಎಸ್ ಬೇಕೇ ಬೇಕು. ಅದು ಕೊಡುವ ಕೆಲವು ನಿಮಿಷ ಸೇವ್ ಮಾಡಿ ಶಟ್ ಡೌನ್ ಮಾಡುವುದಕ್ಕೆ. ಲೇಸರ್ ಪ್ರಿಂಟರನ್ನು ಅದಕ್ಕೆ ಸೇರಿಸಬೇಡಿ. ವರ್ಡ್‌ನಲ್ಲಿ ಆಟೋ ರಿಕವರ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಇರುತ್ತದೆ, ಆಪ್ಷನ್ಸ್‌ನ ಸೇವ್ ಭಾಗದಲ್ಲಿ 2 ನಿಮಿಷಕ್ಕೆ ಇಳಿಸಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ಜೊತೆ ರೂಟರ್‌ನ ಕೇಬಲನ್ನೂ ತೆಗೆಯಿರಿ.

ಪ್ರಿಂಟ್ ಕೊಟ್ಟರೆ ಸಾಲಿನಲ್ಲೇ ನಿಂತಿದೆ. ಕ್ಯಾನ್ಸಲ್ ಮಾಡಿದರೂ ಹೋಗುತ್ತಿಲ್ಲ.

ಸರ್ಚ್‌ನಲ್ಲಿ ಸರ್ವಿಸಸ್ ತೆರೆದು ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್ 32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಕೊನೆಯ ಫೋಲ್ಡರ್‌ನ ಒಳಗಿರುವ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಮತ್ತೆ ಸ್ಪೂಲರ್‌ಗೆ ಸ್ಟಾರ್ಟ್ ಕೊಡಿ. ವಿಂಡೋಸ್ ಫೋಲ್ಡರ್‌ನೊಳಗೆ ಕೈಹಾಕಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೊಂದು ಅಪವಾದ.

ಡೆಸ್ಕ್‌ಟಾಪ್‌ನ ಫೈಲುಗಳು ಒನ್‌ಡ್ರೈವ್‌ಗೆ ಹೋಗಿವೆ, ಜಾಗ ತುಂಬಿದೆ ಅಂತಿದೆ.

ಒನ್‌ಡ್ರೈವ್ ಎಂದರೆ ಫೈಲಿಡಲು ಮೈಕ್ರೋಸಾಫ್ಟ್ ಇಂಟರ್ನೆಟ್‌ನಲ್ಲಿ (ಕ್ಲೌಡ್‌ನಲ್ಲಿ) ಕೊಡುವ ಜಾಗ, ಅದರಲ್ಲಿ ಉಚಿತ 5 ಜಿಬಿ ಮಾತ್ರ. ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ತೆರೆದು ಬೇಡದ ಫೋಲ್ಡರ್‌ಗಳನ್ನು ನಿಲ್ಲಿಸಬಹುದು. ಆದರೆ ಅವಸರದಲ್ಲಿ ಅಳಿಸಬೇಡಿ: ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ, ಕಂಪ್ಯೂಟರ್‌ನಲ್ಲೂ ಹೋಗುತ್ತದೆ. ಮೋಡದ ಗುರುತಿರುವ ಫೈಲು ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಕ್ಲೌಡ್‌ನಲ್ಲಿ ಮಾತ್ರ ಇದೆ. ಮೊದಲು ಅದನ್ನು ಇಳಿಸಿಕೊಂಡು ಬೇರೆ ಫೋಲ್ಡರ್‌ಗೆ ಹಾಕಿ. ಅಳಿಸಿಯೇ ಬಿಟ್ಟಿದ್ದರೆ ಒನ್‌ಡ್ರೈವ್ ವೆಬ್‌ಸೈಟ್‌ನ ರೀಸೈಕಲ್ ಬಿನ್ ನೋಡಿ, ಮಾಮೂಲಿ ಖಾತೆಯಲ್ಲಿ 30 ದಿನ ಅಲ್ಲಿರುತ್ತದೆ.

ಅಪ್ಪ ಅಮ್ಮನಿಗೆ ಅಕ್ಷರ ಕಾಣುವುದಿಲ್ಲ. ಏನು ಹೇಳಿಕೊಡಲಿ?

ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಅನ್ನು 125% ಅಥವಾ 150% ಮಾಡಿ. ರೆಸಲ್ಯೂಷನ್ ಇಳಿಸಬೇಡಿ, ಅಕ್ಷರ ಮಸುಕಾಗುತ್ತದೆ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಭೂತಗನ್ನಡಿ ಬರುತ್ತದೆ, ವಿಂಡೋಸ್ ಕೀ ಜೊತೆ ಎಸ್ಕೇಪ್ ಒತ್ತಿದರೆ ಹೋಗುತ್ತದೆ. ಅವರಿಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ, ಹೊಸ ಪ್ರೋಗ್ರಾಮ್ ಸಿಸ್ಟಮ್‌ನೊಳಗೆ ಕೈಹಾಕಲು ಹೊರಟರೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಮಕ್ಕಳಿಗೂ ಇದೇ.

ಹಳೆಯ ಕಂಪ್ಯೂಟರನ್ನು ಪರಿಚಯದವರಿಗೆ ಕೊಡುತ್ತಿದ್ದೇನೆ. ಎಲ್ಲ ಡಿಲೀಟ್ ಮಾಡಿದ್ದೇನೆ, ಸಾಕಾ?

ಸಾಲದು. ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೂ ಹಾರ್ಡ್ ಡಿಸ್ಕ್‌ನಲ್ಲಿ ಡೇಟಾ ಉಳಿದಿರುತ್ತದೆ, ರಿಕವರಿ ಸಾಫ್ಟ್‌ವೇರ್‌ನಿಂದ ತೆಗೆಯಬಹುದು. ಫಾರ್ಮ್ಯಾಟ್ ನಿಜಕ್ಕೂ ಬೇಕಾಗುವುದು ಈಗ. ಬ್ಯಾಕಪ್ ತೆಗೆದುಕೊಂಡು, ಬ್ರೌಸರ್ ಮತ್ತು ಒನ್‌ಡ್ರೈವ್‌ನಿಂದ ಸೈನ್ ಔಟ್ ಆಗಿ. ರೀಸೆಟ್ ದಿಸ್ ಪಿಸಿಯಲ್ಲಿ ರಿಮೂವ್ ಎವ್ರಿಥಿಂಗ್ ಆರಿಸಿ, ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆನ್ ಮಾಡಿ. ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸುವ ಆಯ್ಕೆಯನ್ನೂ ಆನ್ ಮಾಡಬೇಕು. ದೊಡ್ಡ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಹಾಕಿಯೇ ಶುರುಮಾಡಿ.